ಕೇಳದೆ ಓಡುವ ವೀಡಿಯೋ, ಕೇಳದೆ ಕರಗುವ ಡೇಟಾ
(ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣ)

 

ವಿದ್ಯಾರ್ಥಿವೇತನದ ಮಾಹಿತಿ ಹುಡುಕುತ್ತಾ ನೀವು ಒಂದು ಪುಟ ತೆರೆಯುತ್ತೀರಿ. ಓದಬೇಕಾದದ್ದು ಹತ್ತು ಸಾಲು. ಅಷ್ಟರಲ್ಲಿ ಮೂಲೆಯಲ್ಲೊಂದು ವೀಡಿಯೋ ತಾನಾಗಿಯೇ ಓಡತೊಡಗುತ್ತದೆ. ಹಳೆಯ ಕಂಪ್ಯೂಟರ್ ಆದರೆ ಏದುಸಿರು ಬಿಡುತ್ತದೆ. ಮೊಬೈಲ್ ಆದರೆ ದಿನದ ಡೇಟಾ ಕರಗುತ್ತದೆ. ಒಂದೇ ಮೊಬೈಲನ್ನು ಮೂವರು ಮಕ್ಕಳು ಹಂಚಿಕೊಳ್ಳುವ ಮನೆಯಲ್ಲಿ, ಅರ್ಜಿಯ ಕೊನೆಯ ದಿನ ಹೀಗಾದರೆ ಒಂದು ವರ್ಷದ ನೆರವೇ ಕೈತಪ್ಪಬಹುದು.

ಲೆಕ್ಕ ನೋಡಿ. ನನ್ನ ಈ ಭಾಷಣದ ಪಠ್ಯ ಸುಮಾರು 10 ಕೆ.ಬಿ. ಸೆಕೆಂಡಿಗೆ 1 ಮೆಗಾಬಿಟ್ ವೇಗದಲ್ಲಿ ಬರುವ ಸಾಧಾರಣ ವೀಡಿಯೋ ನಿಮಿಷಕ್ಕೆ ಏಳೂವರೆ ಎಂ.ಬಿ. ನುಂಗುತ್ತದೆ. ಅಂದರೆ ಒಂದು ನಿಮಿಷದ ಬೇಡದ ವೀಡಿಯೋದಲ್ಲಿ ಇಂತಹ 750 ಭಾಷಣಗಳು ಹಿಡಿಸುತ್ತವೆ!

ಇದು ಹೊಸ ಕಾಟವಲ್ಲ. 2000ರ ದಶಕದಲ್ಲಿ ಫ್ಲ್ಯಾಶ್ ಜಾಹೀರಾತುಗಳು ಹೀಗೆಯೇ ಕುಣಿಯುತ್ತಿದ್ದವು. ಆಗ ಫೈರ್‌ಫಾಕ್ಸ್ ಬಳಸುತ್ತಿದ್ದ ಹಲವರು ಫ್ಲ್ಯಾಶ್‌ಬ್ಲಾಕ್ ಎಂಬ ಪುಟ್ಟ ತಂತ್ರಾಂಶ ಸೇರಿಸಿಕೊಂಡಿದ್ದರು. ಫ್ಲ್ಯಾಶ್ ಇರಬೇಕಾದ ಜಾಗದಲ್ಲಿ ಒಂದು ಗುಂಡಿ ಕಾಣುತ್ತಿತ್ತು. ಒತ್ತಿದರೆ ಮಾತ್ರ ಓಡುತ್ತಿತ್ತು. 2020ರ ಡಿಸೆಂಬರ್ 31ಕ್ಕೆ ಅಡೋಬಿ ಕಂಪೆನಿ ಫ್ಲ್ಯಾಶ್‌ಗೆ ವಿದಾಯ ಹೇಳಿತು. ಫ್ಲ್ಯಾಶ್ ಹೋಯಿತು, ಕಾಟ ಹೋಗಲಿಲ್ಲ. ಕ್ರೋಮ್ 2018ರಲ್ಲಿ, ಫೈರ್‌ಫಾಕ್ಸ್ 2019ರಲ್ಲಿ, ಸದ್ದು ಮಾಡುವ ವೀಡಿಯೋಗಳು ತಾವಾಗಿ ಓಡುವುದಕ್ಕೆ ಕಡಿವಾಣ ಹಾಕಿದವು. ಆದರೆ ಸದ್ದಿಲ್ಲದ ವೀಡಿಯೋ ಈಗಲೂ ಓಡುತ್ತದೆ. ಕಿವಿಗೆ ಶಾಂತಿ ಸಿಕ್ಕಿತು, ಡೇಟಾ ಉಳಿಯಲಿಲ್ಲ.

ಹಾಗಾದರೆ ಏನು ಮಾಡಬೇಕು? ಫೈರ್‌ಫಾಕ್ಸ್‌ನ ಸೆಟ್ಟಿಂಗ್ಸ್‌ನಲ್ಲಿ 'ಆಟೋಪ್ಲೇ' ಹುಡುಕಿ, ಧ್ವನಿ ಮತ್ತು ವೀಡಿಯೋ ಎರಡನ್ನೂ ತಡೆಯುವ ಆಯ್ಕೆ ಹಾಕಿ. ಅದಕ್ಕೆ 'ಯುಬ್ಲಾಕ್ ಒರಿಜಿನ್' ಸೇರಿಸಿಕೊಂಡರೆ, ನಾವು ಹೇಳಿದ ಗಾತ್ರಕ್ಕಿಂತ ದೊಡ್ಡ ಚಿತ್ರ, ವೀಡಿಯೋಗಳನ್ನೂ ತಡೆಹಿಡಿಯಬಹುದು. ಬೇಕಾದದ್ದನ್ನು ಒತ್ತಿ ನೋಡಬಹುದು. ಎರಡೂ ಉಚಿತ. ಆಂಡ್ರಾಯ್ಡ್ ಮೊಬೈಲಿನ ಫೈರ್‌ಫಾಕ್ಸ್‌ನಲ್ಲೂ ಇದು ಕೆಲಸ ಮಾಡುತ್ತದೆ. ಒಂದು ಎಚ್ಚರಿಕೆ: ಇಂತಹ ತಂತ್ರಾಂಶಗಳು ನೀವು ನೋಡುವ ಪುಟಗಳನ್ನೆಲ್ಲ ಓದಬಲ್ಲವು. ಆದ್ದರಿಂದ ಅಧಿಕೃತ ತಾಣದಿಂದಲೇ, ಹೆಸರನ್ನು ಸರಿಯಾಗಿ ನೋಡಿಯೇ ತೆಗೆದುಕೊಳ್ಳಿ.

ಜಾಹೀರಾತು ತಡೆದರೆ ಪತ್ರಿಕೆಯವರ ಅನ್ನಕ್ಕೆ ಕುತ್ತಲ್ಲವೇ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ನೀವು ನಿತ್ಯ ಓದುವ, ಓದುಗರನ್ನು ಪೀಡಿಸದ ತಾಣಕ್ಕೆ ವಿನಾಯಿತಿ ಕೊಡಿ, ಸಾಧ್ಯವಿದ್ದರೆ ಚಂದಾದಾರರಾಗಿ. ನಾವು ಪಡೆದುದಕ್ಕೆ ಪ್ರತಿಯಾಗಿ ಏನಾದರೂ ಕೊಡಬೇಕಾದದ್ದು ಹೌದು. ಆದರೆ ಕೇಳದೆ ನಮ್ಮ ಕಿಸೆಗೆ ಕೈಹಾಕುವುದನ್ನು ಸಹಿಸಬೇಕಿಲ್ಲ.

ಹರಿಯುವ ಹೊಳೆಯ ದಡದಲ್ಲಿ ಕೂತು ವುಝೂ ಮಾಡುವಾಗಲೂ ನೀರು ಪೋಲು ಮಾಡಬಾರದೆಂದು ನಮಗೆ ಕಲಿಸಲಾಗಿದೆ. ಡೇಟಾ, ವಿದ್ಯುತ್ತು, ಎಲ್ಲಕ್ಕಿಂತ ಮಿಗಿಲಾಗಿ ನಿಮ್ಮ ಓದಿನ ಸಮಯ, ಇವೂ ಅಮಾನತ್ತುಗಳೇ. ಇಂದು ಮನೆಗೆ ಹೋದವರು ಮೊದಲು ತಮ್ಮ ಮೊಬೈಲಿನಲ್ಲಿ, ಆಮೇಲೆ ಅಕ್ಕಪಕ್ಕದ ಮಕ್ಕಳ ಮೊಬೈಲಿನಲ್ಲಿ ಈ ಸಣ್ಣ ಕೆಲಸ ಮಾಡಿಕೊಡಿ. ಅಲ್ಲಾಹನು ನಮ್ಮ ಸಮಯದಲ್ಲಿ ಬರಕತ್ ನೀಡಲಿ.