ಕಡಲಾಚೆಯ ಕಾಗದ
(ರಾಜ್ಯೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ಈ ವೇದಿಕೆಯ ಮೇಲೆ ಸಾಹಿತ್ಯವನ್ನು ಕುರಿತು ಮಾತನಾಡುವ ಯೋಗ್ಯತೆ ನಮಗಿಲ್ಲ. ನಾವು ಬಿ.ಕಾಂ. ಮುಗಿಸಿ ಬ್ಯಾಂಕಿನ ಕೌಂಟರಿನಲ್ಲಿ ಕುಳಿತ ಗುಮಾಸ್ತರು. ಆದರೆ ಪರದೇಶಕ್ಕೆ ಹೊರಟ ನಮ್ಮವರಲ್ಲಿ ಅನೇಕರು ಆ ಕೌಂಟರಿಗೆ ಬಂದೇ ಬರುತ್ತಾರೆ. ಒಬ್ಬರಿಗೆ ಖಾತೆಯ ಸ್ಟೇಟ್‌ಮೆಂಟು ಬೇಕು, ಇನ್ನೊಬ್ಬರಿಗೆ ಒಡವೆಯ ಮೇಲೆ ಸಾಲ ಬೇಕು. ಆದ್ದರಿಂದಲೇ ಕಾರ್ಯದರ್ಶಿಗಳು ಕೊಲ್ಲಿಯ ವೀಸಾ ಎಂಬ ಈ ಒಣ ವಿಷಯವನ್ನು ನಮಗೆ ವಹಿಸಿರಬೇಕು.

ನಮ್ಮ ಹಿರಿಯರು ಮುಂಬಯಿಗೆ ಬಂದಾಗ ಯಾರ ಅಪ್ಪಣೆಯನ್ನೂ ಬೇಡಬೇಕಾಗಿರಲಿಲ್ಲ. ಊರಿನವರೊಬ್ಬರ ವಿಳಾಸ ಕೈಯಲ್ಲಿದ್ದರೆ ಸಾಕಿತ್ತು. ಹಗಲೆಲ್ಲ ಹೋಟೆಲಿನಲ್ಲಿ ದುಡಿದು, ರಾತ್ರಿ ಕೋಟೆ ಪ್ರದೇಶದ ಕನ್ನಡ ರಾತ್ರಿಶಾಲೆಗಳ ಬೆಂಚಿನ ಮೇಲೆ ಕುಳಿತು ಎಷ್ಟೋ ಮಂದಿ ಓದಿದರು. 1973ರಲ್ಲಿ ಎಣ್ಣೆಯ ಬೆಲೆ ಏರಿ, ಕೊಲ್ಲಿಯ ನಾಡುಗಳಲ್ಲಿ ಕೆಲಸಗಾರರು ಬೇಕಾದ ಮೇಲೆ ನಮ್ಮವರು ಅತ್ತಲೂ ಹೊರಟರು. ಮುಂಬಯಿ ಬಂದರಿನಿಂದ 'ದ್ವಾರಕಾ' ಎಂಬ ಹಡಗು 1982ರ ತನಕ ಕೊಲ್ಲಿಯ ರೇವುಗಳಿಗೆ ಜನರನ್ನು ಒಯ್ಯುತ್ತಿತ್ತು.

ಹೋದವರಲ್ಲಿ ಮೋಸಹೋದವರೂ ಇದ್ದರು. 1983ರ ವಲಸೆ ಕಾಯಿದೆ ಅಂಥವರ ರಕ್ಷಣೆಗಾಗಿಯೇ ಬಂದದ್ದು. ಹತ್ತನೆಯ ತರಗತಿ ದಾಟದವರ ಪಾಸ್‌ಪೋರ್ಟು ಸಾಮಾನ್ಯವಾಗಿ ಇ.ಸಿ.ಆರ್. ವರ್ಗದ್ದು. ಅವರು ಕೊಲ್ಲಿಗೆ ಕೆಲಸಕ್ಕೆ ಹೋಗಬೇಕಾದರೆ ವಲಸೆ ರಕ್ಷಣಾಧಿಕಾರಿಗಳ ಒಪ್ಪಿಗೆ ಬೇಕು. ಮುಂಬಯಿಯಲ್ಲಿ ಆ ಕಚೇರಿ 2017ರಲ್ಲಿ ತೆರೆದ ಬಾಂದ್ರಾ-ಕುರ್ಲಾ ಸಂಕೀರ್ಣದ ವಿದೇಶ ಭವನದಲ್ಲಿದೆ. ಹತ್ತನೆಯ ತರಗತಿ ಉತ್ತೀರ್ಣರಾದವರಿಗೆ ಈ ಒಪ್ಪಿಗೆ ಬೇಕಿಲ್ಲ. ರಾತ್ರಿಶಾಲೆಯ ಆ ಒಂದು ಸರ್ಟಿಫಿಕೇಟು ಬಾಗಿಲನ್ನು ತೆರೆಯುತ್ತದೆ, ನಿಜ. ಆದರೆ ಓದದವನ ಕರಾರು ಪತ್ರವನ್ನು ಸರಕಾರ ನೋಡುತ್ತದೆ. ಓದಿದವನ ಕರಾರನ್ನು ಅವನೇ ನೋಡಿಕೊಳ್ಳಬೇಕು. ನಮ್ಮಲ್ಲಿ ಓದಿದವರೇ ಓದುವುದಿಲ್ಲವೆಂಬುದು ನಮ್ಮ ದೂರು.

ಒಂದು ಪ್ರಸಂಗವನ್ನು ಹೇಳುತ್ತೇವೆ. ಡೊಂಬಿವಲಿಯ ಕಡೆಯ ತಾಯಿಯೊಬ್ಬರು ಮಗನನ್ನು ಕರೆದುಕೊಂಡು ಬಂದು ಕರಿಮಣಿ ಸರವೊಂದನ್ನುಳಿದು ಎಲ್ಲ ಒಡವೆಯನ್ನೂ ಮೇಜಿನ ಮೇಲಿಟ್ಟರು. "ಮಗನಿಗೆ ದುಬೈ ವೀಸಾ ಬಂತು ಮಾರಾಯ್ರೆ, ಏಜೆಂಟರಿಗೆ ಉಳಿದ ಹಣ ನಾಳೆಯೇ ಕೊಡಬೇಕು" ಎಂದರು. ಹುಡುಗ ಪದವೀಧರ. "ತಮ್ಮಾ, ಕಾಗದ ತೋರಿಸು" ಎಂದೆವು. ಅದು ಭೇಟಿಯ ವೀಸಾ. ನೋಡಿ ಬರಲು ಕೊಟ್ಟದ್ದು, ದುಡಿಯಲು ಕೊಟ್ಟದ್ದಲ್ಲ. "ಅಲ್ಲಿಗೆ ಹೋದ ಮೇಲೆ ಬದಲಾಯಿಸಿ ಕೊಡ್ತಾರಂತೆ" ಎಂದ. ಆ ಮಾತು ಯಾವ ಕಾಗದದಲ್ಲೂ ಇರಲಿಲ್ಲ. ಸರಕಾರದ ಇ-ಮೈಗ್ರೇಟ್ ಜಾಲತಾಣದಲ್ಲಿ ಹುಡುಕಿದರೆ ಆ ಏಜೆಂಟರ ಹೆಸರೂ ಇರಲಿಲ್ಲ. ಒಡವೆ ಮನೆಗೆ ಹಿಂದಿರುಗಿತು. ಮೊದಲು ಕೊಟ್ಟ ಹಣ ಮಾತ್ರ ಹಿಂದಿರುಗಲಿಲ್ಲ. ಆ ತಾಯಿ ನಮ್ಮ ಮೇಲೆಯೇ ಮುನಿಸಿಕೊಂಡು ಹೋದರು. ಮಗನ ಭಾಗ್ಯಕ್ಕೆ ನಾವು ಅಡ್ಡ ಬಂದೆವೆಂದು ಅವರಿಗೆ ಅನಿಸಿರಬೇಕು.

ಆದುದರಿಂದ ಕೆಲವು ಮಾತುಗಳನ್ನು ಬಿಡಿಸಿ ಹೇಳುತ್ತೇವೆ. ಮೊದಲನೆಯದು ಹಣ. ನೋಂದಾಯಿತ ಏಜೆಂಟರು ಕೆಲಸಕ್ಕೆ ಹೋಗುವವನಿಂದ ತೆಗೆದುಕೊಳ್ಳಬಹುದಾದ ಸೇವಾಶುಲ್ಕಕ್ಕೆ ಸರಕಾರ ಹಾಕಿದ ಮಿತಿ 30,000 ರೂಪಾಯಿ, ಅದರ ಮೇಲೆ ಜಿ.ಎಸ್.ಟಿ. ಲಕ್ಷಗಳ ಮಾತು ಬಂದರೆ ಎದ್ದು ಬನ್ನಿರಿ. ಕೊಟ್ಟದ್ದಕ್ಕೆ ರಸೀದಿ ಕೇಳಿರಿ.

ಎರಡನೆಯದು ಹೆಸರು. ಇದು ನಮ್ಮಂಥ ಎರಡು ಊರಿನವರ ವಿಶೇಷ ತೊಂದರೆ. ಊರಿನ ಜನನಪತ್ರದಲ್ಲಿ ಬರಿಯ ಇನಿಶಿಯಲ್ಲು. ಮುಂಬಯಿಯ ಶಾಲೆಯಲ್ಲಿ ತಂದೆಯ ಹೆಸರು ನಡುವೆ ಸೇರಿತು. ಪಾಸ್‌ಪೋರ್ಟಿನಲ್ಲಿ ಮನೆತನದ ಹೆಸರು ಬಂತು. ನಮಗೆ ಮೂವರೂ ಒಬ್ಬನೇ, ಪರದೇಶದ ಅಧಿಕಾರಿಗೆ ಮೂವರು ಬೇರೆ ಬೇರೆ! ಪ್ರಮಾಣಪತ್ರಗಳ ದೃಢೀಕರಣವೂ ಹಾಗೆಯೇ. ಮುಂಬಯಿ ವಿಶ್ವವಿದ್ಯಾಲಯದ ಪದವಿಗೆ ಮಹಾರಾಷ್ಟ್ರ ಸರಕಾರದ ಮುದ್ರೆ, ಊರಲ್ಲಿ ನೋಂದಾಯಿಸಿದ ಮದುವೆಗೆ ಕರ್ನಾಟಕ ಸರಕಾರದ ಮುದ್ರೆ. ಅನಂತರ ವಿದೇಶಾಂಗ ಖಾತೆಯದು, ಕೆಲವು ದೇಶಗಳಿಗಾದರೆ ಕೊನೆಗೆ ಆ ದೇಶದ ರಾಯಭಾರಿ ಕಚೇರಿಯದು. ಮದುವೆಯನ್ನು ನೋಂದಾಯಿಸದವರು ಮೊದಲು ಆ ಕೆಲಸ ಮಾಡಲಿ. ಕರೆಯೋಲೆ ಸಾಕಾಗದು.

ಮೂರನೆಯದು, ತಲಪಿದ ಮೇಲಿನ ಸಂಗತಿ. ಸಂಯುಕ್ತ ಅರಬ್ ಸಂಸ್ಥಾನದಲ್ಲಿ ಉದ್ಯೋಗದ ಪ್ರವೇಶಪತ್ರ ಹಿಡಿದು ಇಳಿದೊಡನೆ ವಾಸದ ಹಕ್ಕು ಸಿಗುವುದಿಲ್ಲ. ರಕ್ತಪರೀಕ್ಷೆ, ಎದೆಯ ಎಕ್ಸ್-ರೇ, ಬೆರಳಚ್ಚು ಎಲ್ಲ ಮುಗಿದ ಬಳಿಕ ಗುರುತಿನ ಚೀಟಿ ಬರುತ್ತದೆ. 2022ರಿಂದ ಆ ಚೀಟಿಯೇ ವಾಸದ ಆಧಾರ. ಪಾಸ್‌ಪೋರ್ಟಿನಲ್ಲಿ ಅಂಟಿಸುವ ಪದ್ಧತಿ ನಿಂತಿದೆ. ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳಲು ತಿಂಗಳಿಗೆ 4,000 ದಿರ್ಹಾಂ ಸಂಬಳ, ಇಲ್ಲವೇ 3,000 ಮತ್ತು ವಸತಿ ಇರಬೇಕು. ಕರಾರಿಗೆ ಸಹಿ ಹಾಕುವ ಮುನ್ನವೇ ಈ ಲೆಕ್ಕವನ್ನು ಮನೆಯಾಕೆಯೊಡನೆ ಕುಳಿತು ಮಾಡಿರಿ.

ಬ್ಯಾಂಕಿನವರಾಗಿ ಒಂದು ಮಾತು ಹೇಳದೆ ಬಿಡಲಾರೆವು. ಕೆಲಸಕ್ಕೆಂದು ಹೋದವರು ಬ್ಯಾಂಕಿಗೆ ತಿಳಿಸಿ ಇಲ್ಲಿನ ಉಳಿತಾಯ ಖಾತೆಯನ್ನು ಎನ್.ಆರ್.ಓ. ಖಾತೆಯಾಗಿ ಮಾಡಿಸಬೇಕು, ಅಲ್ಲಿಂದ ಕಳುಹಿಸುವ ಹಣಕ್ಕೆ ಎನ್.ಆರ್.ಈ. ಖಾತೆ ತೆರೆಯಬಹುದು. ಕೊಲ್ಲಿಯಲ್ಲಿ ಕೆಲಸದ ವೀಸಾ ಕೆಲಸ ಇರುವ ತನಕ. ಹೆಚ್ಚಿನವರು ಒಂದು ದಿನ ಹಿಂದಿರುಗಲೇಬೇಕು. ಆ ದಿನಕ್ಕೆ ಮೊದಲ ಸಂಬಳದಿಂದಲೇ ಕೂಡಿಡಬೇಕು.

ಹೋಗಬೇಡಿರೆಂದು ನಾವು ಹೇಳುತ್ತಿಲ್ಲ. ಹೊರಟುಬಂದವರ ಮಕ್ಕಳಾದ ನಾವು ಯಾವ ಬಾಯಿಂದ ಹೇಳೋಣ? ಹಿಂದೆ ಊರಿನವರ ವಿಳಾಸ ಮಾಡುತ್ತಿದ್ದ ಕೆಲಸವನ್ನು ಇಂದು ಈ ಸಂಘ ಮಾಡಲಿ. ತಿಂಗಳಿಗೊಂದು ಭಾನುವಾರ ಬೆಳಿಗ್ಗೆ ಸಂಘದ ಕೊಠಡಿಯಲ್ಲಿ ತಿಳಿದವರು ಇಬ್ಬರು ಕುಳಿತು, ಹೊರಟವರ ಕಾಗದಗಳನ್ನು ಓದಿ ಕನ್ನಡದಲ್ಲಿ ಹೇಳಲಿ. ಇಬ್ಬರಲ್ಲಿ ಒಬ್ಬರಾಗಿ ನಾವು ಸಿದ್ಧರಿದ್ದೇವೆ. ಇನ್ನೊಬ್ಬರು ಈ ಸಭೆಯಿಂದಲೇ ಏಳಲಿ ಎಂದು ಬೇಡಿಕೊಂಡು, ಮಾತು ಮುಗಿಸುತ್ತೇವೆ.