ಕೋಳಿಗೆ ಹಚ್ಚುವ ಹುಳಿ

ಕೋಳಿಮಾಂಸಕ್ಕೆ ಮಸಾಲೆ ಹಚ್ಚಿ ರಾತ್ರಿಯಿಡೀ ನೆನೆಯಲು ಬಿಡಬೇಕು ಎಂಬ ಮಾತು ಅಡುಗೆ ಪುಸ್ತಕಗಳಲ್ಲೂ ಮನೆಯ ಹಿರಿಯರ ಬಾಯಲ್ಲೂ ಮತ್ತೆ ಮತ್ತೆ ಕೇಳಿಬರುತ್ತದೆ. ಆದರೆ ಅದೇ ಅಳತೆ, ಅದೇ ಹೊತ್ತು ಪಾಲಿಸಿದರೂ ಈಗ ಕೆಲವೊಮ್ಮೆ ತುಂಡುಗಳ ಹೊರಮೈ ಹಿಟ್ಟಿನಂತೆ ಮೆತ್ತಗಾಗಿ, ಒಳಗಡೆ ಸಪ್ಪೆಯಾಗಿ ಉಳಿಯುತ್ತದೆ. ಸಭಿಕರಲ್ಲಿ ಹಲವರಿಗೆ ಇದರ ಅನುಭವ ಇದ್ದೀತು. ಇದು ಅಜ್ಜಿಯ ಅಳತೆಯ ತಪ್ಪೂ ಅಲ್ಲ, ಸೊಸೆಯ ಕೈಗುಣವೂ ಅಲ್ಲ. ಬದಲಾಗಿರುವುದು ಕೋಳಿ.

ಹಿತ್ತಿಲಲ್ಲಿ ತಿಪ್ಪೆ ಕೆದಕಿ ಬೆಳೆದ ನಾಟಿ ಕೋಳಿ ಒಲೆಯ ಬಳಿಗೆ ಬರುವ ಹೊತ್ತಿಗೆ ಅದಕ್ಕೆ ಐದಾರು ತಿಂಗಳಾದರೂ ಆಗಿರುತ್ತದೆ. ಮೊಟ್ಟೆ ಇಡುವುದನ್ನು ನಿಲ್ಲಿಸಿದ ಹೇಟೆಯಾದರೆ ವರ್ಷಗಳೇ ಕಳೆದಿರುತ್ತವೆ. ಮಾಂಸದ ಎಳೆಗಳನ್ನು ಹಿಡಿದಿಡುವ ಕೊಲಾಜೆನ್ ಎಂಬ ಅಂಶ ವಯಸ್ಸಾದಷ್ಟೂ ಬಿಗಿಯಾಗುತ್ತ ಹೋಗುತ್ತದೆ. ಫಾರಂನ ಬ್ರಾಯ್ಲರ್ ಕೋಳಿಯಾದರೋ ಸುಮಾರು 6 ವಾರಗಳಲ್ಲೇ 2 ಕಿಲೋ ತೂಗಿ ಅಂಗಡಿಗೆ ಬರುತ್ತದೆ. ಅದು ಇನ್ನೂ ಮರಿ. ಅದರ ಮಾಂಸ ಮೊದಲೇ ಮೃದು. ಗಟ್ಟಿ ಮಾಂಸವನ್ನು ಮಣಿಸಲು ಹುಟ್ಟಿದ ಉಪಾಯವನ್ನು ಎಳೆಯ ಮಾಂಸದ ಮೇಲೆ ಹಾಗೆಯೇ ಪ್ರಯೋಗಿಸಿದರೆ ಆಗುವುದು ಎಡವಟ್ಟೇ.

ಸ್ವಾರಸ್ಯದ ಸಂಗತಿಯೆಂದರೆ, ಹಳೆ ಮೈಸೂರಿನ ನಾಟಿ ಕೋಳಿ ಸಾರಿಗೆ ಮಾಂಸವನ್ನು ಹುಳಿಯಲ್ಲಿ ನೆನೆಸುವ ರೂಢಿಯೇ ವಿರಳ. ಪುಕ್ಕ ಕಿತ್ತು, ಅರಿಶಿನ ಸವರಿ, ಬೆಂಕಿಯಲ್ಲಿ ಸುಟ್ಟು, ಕತ್ತರಿಸಿ, ಸಣ್ಣ ಉರಿಯಲ್ಲಿ ಬಹಳ ಹೊತ್ತು ಬೇಯಿಸುತ್ತಾರೆ. ನೀರು ಮತ್ತು ನಿಧಾನದ ಶಾಖ ಕೊಲಾಜೆನ್ನನ್ನು ಕರಗಿಸಿ ಸಾರಿಗೆ ಮೈ ಕೊಡುತ್ತವೆ. ನೆನೆಸುವ ಅಗತ್ಯ ಹೆಚ್ಚಾಗಿ ಬೀಳುವುದು ಸುಡುವ, ಹುರಿಯುವ, ಬೇಗ ಬೇಯುವ ಅಡುಗೆಗಳಿಗೆ.

ಅಂಥ ಅಡುಗೆಗಳಿಗೆ ಆಯಾ ಸೀಮೆಯ ಜನ ತಮ್ಮ ಕೈಗೆಟಕುವ ಹುಳಿಯನ್ನೇ ಆರಿಸಿಕೊಂಡರು. ಹೈನು ಇರುವ ಕಡೆ ಮೊಸರು, ಹಿತ್ತಿಲಲ್ಲಿ ಗಿಡವಿದ್ದವರಿಗೆ ನಿಂಬೆ. ಗೋವೆಯಲ್ಲಿ ತೆಂಗಿನ ಕಳ್ಳಿನಿಂದ ಇಳಿಸಿದ ವಿನೆಗರ್. ಪೋರ್ಚುಗೀಸರು 1510ರಲ್ಲಿ ಗೋವೆಯನ್ನು ಹಿಡಿದ ಮೇಲೆ ಅವರ ನಾಡಿನ ಒಂದು ಅಡುಗೆ ಇಲ್ಲಿ ಬೇರೂರಿತು. ದ್ರಾಕ್ಷಾರಸ ಮತ್ತು ಬೆಳ್ಳುಳ್ಳಿಯಲ್ಲಿ ಮಾಂಸವನ್ನು ಊರಿಡುವ ಆ ಪದ್ಧತಿಯ ಹೆಸರೇ ಸವೆದು ವಿಂಡಾಲೂ ಆಯಿತು. ಅದರ ‘ಆಲೂ’ವಿಗೂ ಆಲೂಗಡ್ಡೆಗೂ ಸಂಬಂಧವಿಲ್ಲ, ಅದು ಬೆಳ್ಳುಳ್ಳಿಗಿರುವ ಪೋರ್ಚುಗೀಸ್ ಹೆಸರಿನ ರೂಪಾಂತರ. ದ್ರಾಕ್ಷಾರಸದ ಜಾಗಕ್ಕೆ ಕಳ್ಳಿನ ವಿನೆಗರ್ ಬಂದಿತು. ಅಮೆರಿಕ ಖಂಡದಿಂದ ಅವರೇ ತಂದ ಮೆಣಸಿನಕಾಯಿಯೂ ಸೇರಿತು. ಅದಕ್ಕೆ ಮೊದಲು ನಮ್ಮ ಅಡುಗೆಯ ಖಾರವೆಲ್ಲ ಕರಿಮೆಣಸು, ಶುಂಠಿಗಳದ್ದು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಕೆಂಡದ ಮೇಲೆ ಸುಟ್ಟ ಮಾಂಸದ ಬಗೆಗಳಿವೆ, ಕೆಂಪು ಮೆಣಸಿನಕಾಯಿಯ ಸುಳಿವಿಲ್ಲ.

ಕೊಡಗಿನ ಹುಳಿಯೇ ಬೇರೆ. ಮಲೆನಾಡಿನವರು ಉಪ್ಪಾಗೆ ಎನ್ನುವ ಹಣ್ಣಿನ ರಸವನ್ನು ಇಳಿಸಿ, ಕಪ್ಪಗೆ ಗಟ್ಟಿಯಾಗುವವರೆಗೆ ಕುದಿಸಿದರೆ ಕಾಚಂಪುಳಿ ಸಿದ್ಧ. ಪಂದಿ ಕರಿಗೆ ಹೆಸರಾದ ಈ ಹುಳಿ ಕೋಳಿಗೂ ಸಲ್ಲುತ್ತದೆ. ಆದರೆ ಅದನ್ನು ಸಾಮಾನ್ಯವಾಗಿ ಸೇರಿಸುವುದು ಮಾಂಸ ಬೆಂದ ಮೇಲೆ, ಕೊನೆಯಲ್ಲಿ, ಅಳತೆ ನೋಡಿ. ರುಚಿಗೆ ಬೇಕಾದ ಹುಳಿ, ಮಾಂಸವನ್ನು ಹದಗೊಳಿಸುವ ಹುಳಿ ಎರಡೂ ಒಂದೇ ಆಗಬೇಕಿಲ್ಲ ಎಂಬ ತಿಳಿವಳಿಕೆ ಈ ಪದ್ಧತಿಯಲ್ಲಿ ಅಡಗಿದೆ. ಕುಂದಾಪುರದ ಕೋಳಿ ಘೀ ರೋಸ್ಟಿನಲ್ಲಿಯೂ ಇದೇ ಜಾಣತನ. ಮೊದಲು ಮೊಸರು, ಅರಿಶಿನ, ನಿಂಬೆರಸದಲ್ಲಿ ಮಾಂಸ ನೆನೆಯುತ್ತದೆ. ಹುಣಸೆಹಣ್ಣು ಬರುವುದು ಆಮೇಲೆ, ಬ್ಯಾಡಗಿ ಮೆಣಸಿನ ಮಸಾಲೆಯೊಂದಿಗೆ ತುಪ್ಪದಲ್ಲಿ ಹುರಿಯುವಾಗ.

ಈ ಹುಳಿಗಳು ಮಾಡುವುದಾದರೂ ಏನು? ಹುಳಿಯಲ್ಲಿರುವ ಆಮ್ಲ ಮಾಂಸದ ಪ್ರೋಟೀನಿನ ಸುರುಳಿಯನ್ನು ಬಿಚ್ಚುತ್ತದೆ. ನಿಂಬೆರಸ ಬಲು ತೀಕ್ಷ್ಣ. ಹಚ್ಚಿ ಅರ್ಧ ಗಂಟೆಯಾದರೆ ಸಾಕು, ಮಾಂಸದ ಹೊರಮೈ ಬೇಯಿಸಿದಂತೆ ಬಿಳಿಚಿಕೊಳ್ಳುವುದನ್ನು ಕಾಣಬಹುದು. ಗಂಟೆಗಟ್ಟಲೆ ಬಿಟ್ಟರೆ ಅದು ಬಿರುಸಾಗಿ, ಬಾಯಿಗೆ ಸುಣ್ಣದ ಪುಡಿಯಂತೆ ಹತ್ತುತ್ತದೆ. ವಿನೆಗರ್ ಕೂಡ ಇದೇ ಜಾಡಿನದು. ಮೊಸರಿನ ಆಮ್ಲ ಸೌಮ್ಯ. ಅದು ನಿಧಾನವಾಗಿ ಕೆಲಸ ಮಾಡುತ್ತದೆ, ಮಸಾಲೆಯನ್ನು ಮಾಂಸಕ್ಕೆ ಅಂಟಿಸುತ್ತದೆ, ಅದರಲ್ಲಿರುವ ಪ್ರೋಟೀನು ಮತ್ತು ಸಕ್ಕರೆಯ ಅಂಶಗಳಿಂದ ಕೆಂಡದ ಮೇಲೆ ಹೊಂಬಣ್ಣ ಬರುತ್ತದೆ. ನೀರು ಬಸಿದ ಗಟ್ಟಿ ಮೊಸರಾದರೆ ಮತ್ತೂ ಒಳ್ಳೆಯದು.

ಪರಂಗಿಕಾಯಿಯದು ಇನ್ನೊಂದು ದಾರಿ. ಅದರ ಹಾಲಿನಲ್ಲಿರುವ ಪಪೇನ್ ಎಂಬ ಕಿಣ್ವ ಮಾಂಸದ ಪ್ರೋಟೀನನ್ನು ಕತ್ತರಿಸುತ್ತದೆ. ಮುದಿ ಕೋಳಿಗೆ, ಕುರಿಮಾಂಸಕ್ಕೆ ಇದು ವರ. ಬ್ರಾಯ್ಲರಿಗೆ ಒಂದು ಚಮಚ ಹೆಚ್ಚಾದರೂ ಮಾಂಸ ಮುದ್ದೆ. ಹಸಿ ಅನಾನಸಿಗೂ ಇಂಥದೇ ಗುಣವುಂಟು. ಡಬ್ಬಿಯಲ್ಲಿ ಬರುವ ಅನಾನಸು ಮೊದಲೇ ಕಾದಿರುವುದರಿಂದ ಅದಕ್ಕೆ ಆ ಶಕ್ತಿ ಇರುವುದಿಲ್ಲ.

ಇವೆಲ್ಲದರ ನಡುವೆ ಯಾರೂ ಹೊಗಳದ ಪದಾರ್ಥವೊಂದಿದೆ: ಉಪ್ಪು. ಬೆಳ್ಳುಳ್ಳಿ, ಧನಿಯ, ಗರಂ ಮಸಾಲೆಗಳ ಘಮ ಬಹುಮಟ್ಟಿಗೆ ಹೊರಮೈಯಲ್ಲೇ ಉಳಿಯುತ್ತದೆ. ರಾತ್ರಿಯಿಡೀ ಬಿಟ್ಟರೂ ಕೆಲವು ಮಿಲಿಮೀಟರಿನಾಚೆಗೆ ಇಳಿಯುವುದಿಲ್ಲ. ತುಂಡಿನ ಆಳಕ್ಕೆ ನಿಜವಾಗಿ ನಡೆದುಹೋಗುವುದು ಉಪ್ಪು. ಅದು ಪ್ರೋಟೀನನ್ನು ಸಡಿಲಿಸಿ, ಬೇಯುವಾಗ ನೀರು ಹೊರಟುಹೋಗದಂತೆ ಹಿಡಿದಿಡುತ್ತದೆ. 1 ಕಿಲೋ ಮಾಂಸಕ್ಕೆ ಸುಮಾರು 12 ಗ್ರಾಂ, ಅಂದರೆ ಎರಡು ಚಹಾ ಚಮಚ ಉಪ್ಪನ್ನು ಮೊದಲೇ ಸವರಿಟ್ಟರೆ ಮಾಂಸ ರಸಭರಿತವಾಗುತ್ತದೆ. ಕಾಲಿನ ತುಂಡುಗಳ ಮೇಲೆ ಚಾಕುವಿನಿಂದ ಗೀರು ಹಾಕುವ ರೂಢಿಯೂ ಅರ್ಥವುಳ್ಳದ್ದೇ. ಮಸಾಲೆ ತಾನಾಗಿ ಒಳಗಿಳಿಯದಿದ್ದರೆ ಅದಕ್ಕೆ ದಾರಿ ಮಾಡಿಕೊಡಬೇಕು.

ಇದನ್ನು ಮನೆಯಲ್ಲೇ ಪರೀಕ್ಷಿಸಬಹುದು. ಒಂದೇ ಕೋಳಿಯ ಎದೆಯ ಮಾಂಸವನ್ನು ಸಮನಾದ ತುಂಡುಗಳಾಗಿ ಮಾಡಿ ನಾಲ್ಕು ಪಾಲು ಹಾಕಿ. ಒಂದಕ್ಕೆ ಬರೀ ಉಪ್ಪು. ಉಳಿದ ಮೂರಕ್ಕೆ ಅಷ್ಟೇ ಉಪ್ಪಿನ ಜೊತೆ ಮೊಸರು, ನಿಂಬೆ, ವಿನೆಗರ್. ನಾಲ್ಕು ಗಂಟೆಯ ಬಳಿಕ ಒಂದೇ ಕಾವಲಿಯಲ್ಲಿ ಹುರಿದು ನೋಡಿ. ಯಾವುದು ರುಚಿ ಎಂಬುದು ಅವರವರ ನಾಲಗೆಗೆ ಬಿಟ್ಟದ್ದು. ಯಾವುದು ಒರಟಾಯಿತು, ಯಾವುದು ರಸ ಉಳಿಸಿಕೊಂಡಿತು ಎಂಬುದು ಮಾತ್ರ ಹಲ್ಲಿಗೇ ತಿಳಿಯುತ್ತದೆ.

ಕೊನೆಯದಾಗಿ, ಬಲು ಮುಖ್ಯವಾದ ಮಾತೊಂದಿದೆ. ಹುಳಿ, ಅರಿಶಿನ ಹಚ್ಚಿದ ಮೇಲೆ ಮಾಂಸ ಕೆಡುವುದಿಲ್ಲ ಎಂಬ ನಂಬಿಕೆ ಇನ್ನೂ ಉಳಿದಿದೆ. ಅದು ಅಪಾಯಕಾರಿ. ಹಸಿ ಕೋಳಿಯಲ್ಲಿ ಇರಬಹುದಾದ ಸಾಲ್ಮೊನೆಲ್ಲದಂಥ ರೋಗಾಣುಗಳು ಮನೆಯ ಮಸಾಲೆಗೆ ಸಾಯುತ್ತವೆಂದು ನೆಚ್ಚುವಂತಿಲ್ಲ. ಆದ್ದರಿಂದ ನೆನೆಸಿದ ಮಾಂಸ ಇರಬೇಕಾದ್ದು ಕಟ್ಟೆಯ ಮೇಲಲ್ಲ, ಫ್ರಿಜ್ಜಿನಲ್ಲಿ. ಅದೂ ಮುಚ್ಚಿದ ಗಾಜಿನ ಅಥವಾ ಸ್ಟೀಲಿನ ಪಾತ್ರೆಯಲ್ಲಿ. ಅಲ್ಯೂಮಿನಿಯಂ ಪಾತ್ರೆಗೂ ಹುಳಿಗೂ ಆಗಿಬರುವುದಿಲ್ಲ. ಮಾಂಸ ತೆಗೆದ ಮೇಲೆ ಉಳಿದ ಮಸಾಲೆಯನ್ನು ಚೆನ್ನಾಗಿ ಕುದಿಸದೆ ಬಳಸಬಾರದು. ತುಂಡಿನ ನಡುಭಾಗ 74 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಭಯವಿಲ್ಲ.

ಹೀಗಾಗಿ ಹಳೆಯ ಪಾಕವಿಧಾನವನ್ನು ಬಿಟ್ಟುಕೊಡಬೇಕಾಗಿಲ್ಲ, ಓದುವ ಬಗೆ ತಿಳಿದಿರಬೇಕು. ಅಜ್ಜಿ ‘ರಾತ್ರಿಯಿಡೀ’ ಎಂದದ್ದು ಆಕೆಯ ಹಿತ್ತಿಲ ಹುಂಜಕ್ಕೆ. ಅಂಗಡಿಯ ಕೋಳಿಗಾದರೆ ಉಪ್ಪು ಮೊದಲು, ಮೊಸರು ನಾಲ್ಕಾರು ಗಂಟೆ, ನಿಂಬೆ ಕೊನೆಯ ಅರ್ಧ ಗಂಟೆ. ಎಂದಾದರೂ ಊರಿನಿಂದ ಗಟ್ಟಿ ಹುಂಜವೊಂದು ಬಂದರೆ ಆಕೆಯ ಅಳತೆ ಅಕ್ಷರಶಃ ಸರಿಹೋಗುತ್ತದೆ.