ಸಾಲವೊಂದೇ ಸಾಲದು

(ಸಂಘದ ಬೆಳ್ಳಿಹಬ್ಬದ ಸಮಾರಂಭದಲ್ಲಿ ಮಾಡಿದ ಭಾಷಣ)



ಇಪ್ಪತ್ತೈದು ವರುಷ ಪೂರೈಸಿದ ಈ ಶುಭದಿನ ನಾವು ಹೇಳಬೇಕೆಂದಿರುವುದು ಪಟ್ಟಣದ ಬಡವರ ಸಂಗತಿ. ಹಳ್ಳಿಯ ಸಭೆಯಲ್ಲಿ ಪಟ್ಟಣದ ಮಾತೇಕೆ ಎಂದು ತಾವು ಕೇಳಬಹುದು. ಅವರೇನು ಬೇರೆಯವರಲ್ಲರೀ, ನಮ್ಮವರೇ. ಮಳೆ ಕೈಕೊಟ್ಟ ವರುಷ ಬೆಂಗಳೂರಿಗೆ, ಗೋವಾಕ್ಕೆ ದುಡಿಯಲು ಹೋದ ನಮ್ಮ ಅಣ್ಣತಮ್ಮಂದಿರು, ಅಕ್ಕತಂಗಿಯರು. ಅಲ್ಲಿ ಮಾಡಿದ ಸಾಲಕ್ಕೆ ಇಲ್ಲಿನ ಹೊಲ ಒತ್ತೆ ಬೀಳುತ್ತದೆ. ಆದ್ದರಿಂದ ಇದು ನಮ್ಮ ಸಂಘದ ಮಾತೂ ಹೌದು.

ಒಂದು ಲೆಕ್ಕ ಹಾಕಿ ನೋಡ್ರಿ. ತಳ್ಳುಗಾಡಿಯಲ್ಲಿ ಕಾಯಿಪಲ್ಲೆ ಮಾರುವ ತಾಯಿಯೊಬ್ಬಳು ಮುಂಜಾನೆ ಸಾವಿರ ರೂಪಾಯಿ ಸಾಲ ತಗೊಂಡು ಸಂಜೆ ಸಾವಿರದ ನೂರು ಕೊಡುತ್ತಾಳೆ ಅನ್ನೋಣ. ತಿಂಗಳಲ್ಲಿ 25 ದಿನ ವ್ಯಾಪಾರವಾದರೆ ಬಡ್ಡಿಯೇ 2,500 ರೂಪಾಯಿ! ಮರುದಿನ ಮತ್ತೆ ಅದೇ ಸಾಲ. ಅದೇ ತಾಯಿ ಹೊಟ್ಟೆಬಟ್ಟೆ ಕಟ್ಟಿ ದಿನಕ್ಕೆ 50 ರೂಪಾಯಿ ತೆಗೆದಿಟ್ಟರೆ 20 ದಿನಕ್ಕೆ ಆ ಸಾವಿರ ಅವಳದೇ ಬಂಡವಾಳ. ಅಲ್ಲಿಂದ ಮುಂದೆ ದಿನದ ನೂರು ರೂಪಾಯಿ ಮನೆಯಲ್ಲೇ ಉಳಿಯಿತು. ಆದರೆ ಈ ಲೆಕ್ಕ ಹೇಳಿಕೊಡುವವರು ಯಾರು? ಆ ಐವತ್ತನ್ನು ಜೋಪಾನವಾಗಿ ಇಡುವುದೆಲ್ಲಿ?

ಇದಕ್ಕೆ ಅಹಮದಾಬಾದಿನ ಬಡ ಹೆಣ್ಣುಮಕ್ಕಳು ಉತ್ತರ ಕಂಡುಕೊಂಡರು. ಇಳಾ ಭಟ್ಟರು 1972ರಲ್ಲಿ ಕಟ್ಟಿದ 'ಸೇವಾ' ಸಂಘಟನೆಯ ಸುಮಾರು ನಾಲ್ಕು ಸಾವಿರ ಮಹಿಳೆಯರು ತಲಾ ಹತ್ತು ರೂಪಾಯಿ ಷೇರು ಹಾಕಿ 1974ರಲ್ಲಿ ತಮ್ಮದೇ ಸಹಕಾರಿ ಬ್ಯಾಂಕು ತೆರೆದರು. ತಲೆಹೊರೆ ಹೊರುವವರು, ಬೀದಿಯಲ್ಲಿ ಮಾರುವವರು, ಚಿಂದಿ ಆಯುವವರು. ನೋಂದಣಿಯ ಕಾಗದಕ್ಕೆ ಸಹಿ ಮಾಡಲು ರಾತ್ರಿಯೆಲ್ಲ ಕೂತು ಹೆಸರು ಬರೆಯುವುದನ್ನು ಕಲಿತರು. ಓದು ಬಾರದ ಖಾತೆದಾರರನ್ನು ಗುರುತಿಸಲು ಫೋಟೋ ಇಟ್ಟುಕೊಂಡರು. ಉಳಿತಾಯದ ಹಣವನ್ನು ಮನೆ ಬಾಗಿಲಿಗೇ ಹೋಗಿ ಸಂಗ್ರಹಿಸಿದರು.

ಮುಂದೆ ಆ ನಗರದ ಬಟ್ಟೆ ಗಿರಣಿಗಳು ಒಂದೊಂದಾಗಿ ಮುಚ್ಚಿ ಗಂಡಸರು ಕೆಲಸ ಕಳೆದುಕೊಂಡಾಗ ಎಷ್ಟೋ ಮನೆಗಳಲ್ಲಿ ಒಲೆ ಉರಿದದ್ದು ಹೆಂಗಸರ ದುಡಿಮೆಯಿಂದಲೇ. 'ಸೇವಾ'ದವರು ಬರೇ ಸಾಲ ಕೊಟ್ಟು ಕೈ ತೊಳೆದುಕೊಳ್ಳಲಿಲ್ಲ. ಆದಾಯವೆಷ್ಟು, ಖರ್ಚೆಷ್ಟು, ಮದುವೆಗೆ, ಕಾಯಿಲೆಗೆ, ಮುಪ್ಪಿಗೆ ಎಷ್ಟೆಷ್ಟು ತೆಗೆದಿಡಬೇಕು ಎಂಬುದನ್ನು ಕೂತು ಹೇಳಿಕೊಟ್ಟರು. ಕಟ್ಟಡದಲ್ಲಿ ಬುಟ್ಟಿ ಹೊರುವ ಹೆಂಗಸರಿಗೆ ಗೌಂಡಿ ಕೆಲಸ ಕಲಿಸಿದರು. ಬುಟ್ಟಿ ಹೊರುವವರ ಕೂಲಿಗೂ ಗೌಂಡಿಯ ಕೂಲಿಗೂ ಇರುವ ಅಂತರ ತಮಗೆ ಗೊತ್ತೇ ಇದೆ. ಕಸುಬು, ಉಳಿತಾಯ, ಲೆಕ್ಕ - ಈ ಮೂರೂ ಕೂಡಿದರೆ ಮಾತ್ರ ಸಾಲ ಏಣಿಯಾಗುತ್ತದೆ. ಇಲ್ಲದಿದ್ದರೆ ಅದೇ ಉರುಳು.

ಸಹಕಾರ ನಮಗೇನು ಹೊಸದಲ್ಲ. 1905ರಲ್ಲಿ ನಮ್ಮ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ಧನಗೌಡ ಪಾಟೀಲರು ಸಂಘ ಕಟ್ಟಿದ್ದು ಸಾಹುಕಾರನ ಬಡ್ಡಿಯಿಂದ ರೈತನನ್ನು ಬಿಡಿಸಲಿಕ್ಕೇ. ಇಂದು ನಮ್ಮ ಮಕ್ಕಳು ಪಟ್ಟಣದಲ್ಲಿ ಮೀಟರ್ ಬಡ್ಡಿಗೆ ಸಿಕ್ಕಿದ್ದಾರೆ. ಕಾಲ ಬೇರೆ, ಕಷ್ಟ ಒಂದೇ.

ನಾವು ಮಾಡಬಹುದಾದ ಕೆಲಸ ಮೂರಿವೆ. ಒಂದು, ಊರು ಬಿಡುವ ಮೊದಲೇ ಹುಡುಗ ಹುಡುಗಿಯರಿಗೆ ಕಸುಬು ಕಲಿಸೋಣ. 1982ರಲ್ಲಿ ಉಜಿರೆಯಲ್ಲಿ ಧರ್ಮಸ್ಥಳದ ವೀರೇಂದ್ರ ಹೆಗ್ಗಡೆಯವರು ಎರಡು ಬ್ಯಾಂಕುಗಳ ಜೊತೆಗೂಡಿ ಆರಂಭಿಸಿದ ರುಡ್‌ಸೆಟ್ ಸಂಸ್ಥೆ ಊಟ, ವಸತಿ ಸಹಿತ ಉಚಿತ ತರಬೇತಿ ಕೊಡುತ್ತದೆ. ಅದೇ ಮಾದರಿಯ ಸಂಸ್ಥೆಗಳು ಈಗ ಬಹುತೇಕ ಜಿಲ್ಲೆಗಳಲ್ಲಿವೆ. ಎರಡು, ದುಡಿಯಲು ಹೋದವರ ಉಳಿತಾಯ ಖಾತೆ ಸಂಘದಲ್ಲಿ ಜೀವಂತವಾಗಿರಲಿ. ಹಬ್ಬಕ್ಕೆ ಊರಿಗೆ ಬಂದಾಗ ಅವರನ್ನು ಕೂಡಿಸಿಕೊಂಡು ಮನೆಯ ಜಮಾಖರ್ಚು ಬರೆಸೋಣ. ಮೂರು, ಬೀದಿ ವ್ಯಾಪಾರಿಗಳಿಗೆ ಸರಕಾರ ಕೊಡುವ ಸಾಲದ ತಿಳಿವಳಿಕೆ ಕೊಡೋಣ. 2018ರಲ್ಲಿ ನಮ್ಮ ರಾಜ್ಯದಲ್ಲಿ ಬಡವರ ಬಂಧು, 2020ರಲ್ಲಿ ಕೇಂದ್ರದ ಸ್ವನಿಧಿ ಯೋಜನೆ ಬಂದವು. ಎಷ್ಟೋ ಜನರಿಗೆ ಹೆಸರೂ ಗೊತ್ತಿಲ್ಲ.

ತಾಯಂದಿರೇ, ಈ ಕೆಲಸ ತಮ್ಮಿಂದಲೇ ಶುರುವಾಗಲಿ. ಹತ್ತು ರೂಪಾಯಿ ಷೇರಿನಿಂದ ಬ್ಯಾಂಕು ಕಟ್ಟಿದವರೂ ತಮ್ಮಂಥ ಹೆಣ್ಣುಮಕ್ಕಳೇ. ಸಂಘ ಸುವರ್ಣ ಮಹೋತ್ಸವ ಆಚರಿಸುವ ಹೊತ್ತಿಗೆ, ಪಟ್ಟಣದ ಸಾಲಕ್ಕೆ ಊರಿನ ಒಂದು ಗುಂಟೆ ಹೊಲವೂ ಹೋಗಿಲ್ಲ ಎಂದು ಹೇಳುವಂತಾಗಲಿ ಎಂದು ಹಾರೈಸಿ ನಮ್ಮ ಮಾತು ಮುಗಿಸುತ್ತೇವೆ.

ಜೈ ಸಹಕಾರ!